ತೀರ್ಥದ ಲೆಕ್ಕ

ದಿನಕ್ಕೆ ಅರ್ಧ ಲೀಟರು, ಅಷ್ಟೇ.
ಮಾತ್ರೆ ನುಂಗುವ ನೀರೂ ಅದರಲ್ಲೇ,
ಗಂಜಿಯ ತಿಳಿಯೂ ಅದರಲ್ಲೇ.
ಸ್ಟೀಲಿನ ಲೋಟಕ್ಕೆ ಮೊಳೆಯಲ್ಲಿ ಗೀರು ಹಾಕಿದ್ದೇನೆ.
ನಾನು ಬೀಡಿ ಕಟ್ಟುವವಳು, ಗೋಪಾಲ,
ಇಪ್ಪತ್ತೈದಕ್ಕೊಂದು ಕಟ್ಟು.
ಲೆಕ್ಕ ತಪ್ಪಿದ್ದು ನನಗೆ ನೆನಪಿಲ್ಲ.

ಇವನು ನನ್ನ ತಮ್ಮ, ಐತಪ್ಪ,
ಗುಡ್ಡಗಳಿಗೆ ಸುರಂಗ ಕೊರೆಯುತ್ತಿದ್ದವನು.
ಕೆಂಪು ಕಲ್ಲಿನ ಹೊಟ್ಟೆಯೊಳಗೆ ಕುಕ್ಕರುಗಾಲಲ್ಲಿ ಕೂತು
ಪಿಕ್ಕಾಸಿನಿಂದ ಕಡಿದು ಕಡಿದು,
ನಲವತ್ತು ಕೋಲು, ಅರುವತ್ತು ಕೋಲು,
ಮೊಂಬತ್ತಿ ನಂದಿದರೆ ತೆವಳಿ ಹೊರಬಂದು
ಎರಡು ಉಸಿರು ಎಳೆದು ಮತ್ತೆ ಒಳಹೊಕ್ಕು
ಮೂವತ್ತೊಂದು ಮನೆಯಂಗಳಕ್ಕೆ ನೀರು ತಂದವನು.
ಅವನಿಗೀಗ ಅರ್ಧ ಲೀಟರು.
ನಮ್ಮ ಊರಿನ ಹೆಸರು ಬಾಯಾರು.
ಇದನ್ನೆಲ್ಲ ಯೋಚಿಸಿ ಇಟ್ಟದ್ದು ನೀನಾದರೆ
ತಮಾಷೆ ಸ್ವಲ್ಪ ಹೆಚ್ಚಾಯಿತು, ಮಾರಾಯ.

ಮಂಗಳವಾರ, ಗುರುವಾರ, ಶನಿವಾರ
ಉಪ್ಪಳದಿಂದ ಬೆಳಗಿನ ಲೋಕಲು.
ಈಚೆಯ ಕಾರ್ಡು ಗಡಿಯ ಆಚೆ ನಡೆಯುವುದಿಲ್ಲ.
ಮಲೆಯಾಳದ ಚೀಟಿಯನ್ನು ಕನ್ನಡದಲ್ಲಿ ಓದಿ ಹೇಳಿ
ತುಳುವಿನಲ್ಲಿ ಬೇಡಿಕೊಂಡೆ.
ಇಲ್ಲ ಎಂಬುದಕ್ಕೆ ಮೂರು ಭಾಷೆಯಲ್ಲೂ
ಒಂದೇ ಮುಖ.

ನಾಲ್ಕು ಗಂಟೆ ಹೊತ್ತು ಅವನ ರಕ್ತ
ಕೊಳವೆಯಲ್ಲಿ ಹೊರಗೆ ಹೋಗುತ್ತದೆ,
ಯಂತ್ರದೊಳಗೆ ಸುತ್ತು ಹಾಕಿ ತಿರುಗಿ ಬರುತ್ತದೆ.
ಅವನು ಗೊರಕೆ ಹೊಡೆಯುತ್ತಾನೆ!
ನಾನು ಸ್ಟೂಲಿನ ತುದಿಯಲ್ಲಿ ಕೂತು ಕೊಳವೆಯನ್ನೇ ಕಾಯುತ್ತೇನೆ,
ನೋಡದಿದ್ದರೆ ರಕ್ತಕ್ಕೆ ದಾರಿ ತಪ್ಪೀತು ಎಂಬ ಹಾಗೆ.
"ಹೇಗೆ ನಿದ್ದೆ ಬರುತ್ತದೋ ನಿನಗೆ?"
"ಗುಡ್ಡದೊಳಗೆ ನೀರುಂಟೆಂದು ನನಗೆ ಯಾರು ತೋರಿಸಿದ್ದರು ಅಕ್ಕ?
ಬೆನ್ನ ಮೇಲೆ ಅಷ್ಟು ಗುಡ್ಡ. ಬೀಳಲಿಲ್ಲ. ಕಡಿದೆ."
"ಎರಡು ಕಡೆ ನೀರು ಸಿಗಲೇ ಇಲ್ಲವಲ್ಲ!"
"ಹೌದು, ಸಿಗಲಿಲ್ಲ" ಎಂದ,
ಮತ್ತೆ ಕಣ್ಣು ಮುಚ್ಚಿದ.

ನಿನ್ನ ಮೇಲೆ ನಂಬಿಕೆ ಇಲ್ಲವೆಂದಲ್ಲ.
ಆದರೆ ನೀನು ಮಗು,
ಬೆಣ್ಣೆಯ ಕೈ ಇನ್ನೂ ಒರಸಿಕೊಂಡಿಲ್ಲ.
ಮಗುವಿನ ಕೈಗೆ ಮನೆಯ ಬೀಗದಕೈ ಕೊಟ್ಟು
ಯಾರಾದರೂ ಮಲಗುತ್ತಾರಾ?
ನಿನಗೆ ಹರಕೆ ಹೇಳುವುದು,
ಆಮೇಲೆ ನಾನೇ ಎದ್ದು ಚಿಲಕ ನೋಡಿ ಬರುವುದು,
ಇಷ್ಟು ವರ್ಷ ನನ್ನ ಭಕ್ತಿ ಇದೇ.

ನಿನ್ನೆ ಹಿಂದೆ ಬರುವಾಗ ರೈಲಿನಲ್ಲಿ
ನನಗೆ ನಿದ್ದೆ ಹತ್ತಿತು.
ನೇತ್ರಾವತಿಯ ಸೇತುವೆ ಗುಡುಗಿದ್ದು ನೆನಪುಂಟು,
ಮತ್ತೆ ಏನೂ ಇಲ್ಲ.
ಎಚ್ಚರಾದಾಗ ಉಪ್ಪಳ ಹೋಗಿತ್ತು, ಕುಂಬಳೆ ಬಂದಿತ್ತು.
ಸೂಜಿ ಚುಚ್ಚಿದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು
ಇನ್ನೊಂದು ಭುಜವನ್ನು ನನ್ನ ತಲೆಗೆ ಬಿಟ್ಟು
ಅಲ್ಲಾಡದೆ ಕೂತಿದ್ದ.
"ಎಬ್ಬಿಸಬಾರದಿತ್ತಾ?"
"ಎಷ್ಟು ವರ್ಷದ ನಿದ್ದೆಯೋ ಏನೋ.
ಇಳಿ, ಇಲ್ಲಿಯವರೆಗೆ ಬಂದದ್ದಾಯಿತು,
ಗೋಪಾಲನನ್ನು ನೋಡುವ."

ನಿನ್ನ ನಡೆಯಲ್ಲಿ ನಿಂತೆ.
ಕೇಳಬೇಕೆಂದಿದ್ದ ಪಟ್ಟಿ
ಮಂಜೇಶ್ವರದಲ್ಲೋ ಎಲ್ಲೋ ಬಿದ್ದುಹೋಗಿತ್ತು.
ಭಟ್ಟರು ಒಂದು ಉದ್ಧರಣೆ ತೀರ್ಥ ಹಾಕಿದರು.
ಐತಪ್ಪ ಕುಡಿಯಲಿಲ್ಲ.
ಬೊಗಸೆ ಹಿಡಿದುಕೊಂಡೇ ನನ್ನ ಮುಖ ನೋಡಿದ.
"ಇದೂ ಲೆಕ್ಕಕ್ಕೆ ಉಂಟಾ ಅಕ್ಕ?"

ಆ ಅಂಗೈಯ ಗೆರೆಗಳಲ್ಲಿ
ಗುಡ್ಡದ ಕೆಂಪು ಇನ್ನೂ ಹೋಗಿಲ್ಲ.
ಮೇಲೆ ಒಂದು ತುಳಸಿ ಎಸಳು ತೇಲುತ್ತಿತ್ತು.
ಅರ್ಧ ಲೀಟರಿಗೆ ಅಂಥ ಉದ್ಧರಣೆ ಎಷ್ಟೆಂದು
ಕಣ್ಣಳತೆಯಲ್ಲೇ ಹೇಳಬಲ್ಲೆ.
ಹೇಳಲಿಲ್ಲ.
"ಕುಡಿ" ಎಂದೆ.

ಇವತ್ತು ಬುಧವಾರ.
ಲೋಟದಲ್ಲಿ ಗೀರಿನ ತನಕವೇ ನೀರು,
ಅದನ್ನು ನಾನು ಬಿಡುವವಳಲ್ಲ.
ಆದರೆ ನಿನ್ನೆಯ ಆ ಒಂದು ಉದ್ಧರಣೆ
ನನ್ನ ಪುಸ್ತಕದಲ್ಲಿ ಇಲ್ಲ, ಮಗುವೇ.
ಅದು ನಿನ್ನ ಕೈಯಲ್ಲಿ ಉಂಟು.

ಚೆಲ್ಲಬೇಡ.